ಮಾವನ ಸೊಂಟದ ಹಗ್ಗ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿನ ವೇದಿಕೆಗಳನ್ನು ಕಣ್ಣು ಮುಚ್ಚಿಕೊಂಡು ಸುತ್ತಿದವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಮದುವೆಯಾಗಲಿ, ಗಣೇಶೋತ್ಸವವಾಗಲಿ, ಅವರ ಆರ್ಕೆಸ್ಟ್ರಾವೇ ಆಗಬೇಕಿತ್ತು. ಮಾವನದು ಅಕಾರ್ಡಿಯನ್. ಅದನ್ನು ಎದೆಗೆ ಬಿಗಿದುಕೊಂಡು ಕಣ್ಣು ಮುಚ್ಚಿದರೆ ಮುಗಿಯಿತು, ಕೈ ನುಡಿಸುತ್ತಿತ್ತು, ಕಾಲು ತನ್ನ ಪಾಡಿಗೆ ನಡೆಯುತ್ತಿತ್ತು. ಎಲ್ಲಿಗೆ? ಅದು ಕಾಲಿಗೇ ಗೊತ್ತಿರಲಿಲ್ಲ!

ಕಡೂರಿನ ಪೆಂಡಾಲಿನಲ್ಲಿ ಹಿಂದಿನ ಪರದೆಯೊಳಗೆ ನುಗ್ಗಿ, ಇಡೀ ಹಾಡನ್ನು ಅಲ್ಲಿದ್ದ ಗೋಡೆಗೆ ಕೇಳಿಸಿ ಬಂದರು. ಅಜ್ಜಂಪುರದ ಮದುವೆಯಲ್ಲಂತೂ ಮೆಟ್ಟಿಲಿಳಿದು ಊಟದ ಪಂಕ್ತಿಗೇ ಹೋಗಿಬಿಟ್ಟರು. ಹಾಡು ಮುಗಿಸಿ ಕಣ್ಣು ಬಿಟ್ಟರೆ ಎದುರಿಗೆ ಸಾರಿನ ಬಕೆಟ್ಟು.

"ಏನ್ರೀ, ನಿಂತ್ಕಂಡೇ ಉಣ್ತೀರಾ?" ಎಂದು ಬಡಿಸುವವನು ಕೇಳಿದನಂತೆ.

"ಇನ್ನೊಂದ್ ಹಾಡೈತೆ, ಮುಗಿಸ್ಕಂಡು ಬತ್ತೀನಿ" ಎಂದರಂತೆ ಮಾವ, ಗಂಭೀರವಾಗಿ.

ಆಮೇಲೆ ಡ್ರಮ್ ಬಾರಿಸುವವರು ಒಂದು ಉಪಾಯ ಮಾಡಿದರು. ಮಾವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತಾವು ಕೂರುವ ಸ್ಟೂಲಿಗೆ ಬಿಗಿದರು.

"ಹಸೂನ್ ಕಟ್ದಂಗ್ ಕಟ್ತೀಯಲ್ಲೋ."

"ಕಣ್ ಬಿಟ್ಕಂಡ್ ನುಡ್ಸು, ಬಿಚ್ತೀನಿ."

"ಕಣ್ ಬಿಟ್ರೆ ನಂಗೆ ಬೆರಳು ಓಡಲ್ಲ ಕಣೋ."

ಪಿಯುಸಿಯಲ್ಲಿದ್ದಾಗ ನನಗೆ ಆ ತಂಡದಲ್ಲಿ ಹಾಡುವ ಹುಚ್ಚು ಹತ್ತಿತು. ಅಪ್ಪ ಬಿಲ್‌ಕುಲ್ ಒಪ್ಪಲಿಲ್ಲ. ಅತ್ತು ಕರೆದ ಮೇಲೆ, "ಒಂದ್ಸಲ ಹಾಡು. ಜನ ನಕ್ರೆ ಅಲ್ಲಿಗೆ ನಿನ್ ಹಾಡು ಮುಗೀತು" ಎಂದರು. ತರೀಕೆರೆಯಲ್ಲಿ ನನ್ನ ಮೊದಲ ಹಾಡು. ಅಪ್ಪ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಪಲ್ಲವಿ ಚೆನ್ನಾಗಿಯೇ ಬಂತು. ಚರಣ ಎತ್ತಿಕೊಳ್ಳುವ ಹೊತ್ತಿಗೆ ಒಂದಕ್ಷರವೂ ನೆನಪಿಲ್ಲ.

ಅಷ್ಟರಲ್ಲಿ ಜನ ಹೋ ಎಂದು ನಕ್ಕರು. ನನ್ನ ಕಥೆ ಮುಗಿಯಿತು ಎಂದುಕೊಂಡು ತಿರುಗಿ ನೋಡಿದೆ. ಮಾವ ನನ್ನತ್ತ ಬರುತ್ತಿದ್ದರು. ಹಗ್ಗ ಬಿಗಿದು ಸ್ಟೂಲು ಜರುಗುತ್ತಿತ್ತು, ಅದರ ಮೇಲೆ ಕೂತ ಡ್ರಮ್ಮಿನವರು ಗಾಳಿಯಲ್ಲಿ ಕೋಲು ಆಡಿಸುತ್ತ ಜೊತೆಗೇ ಬರುತ್ತಿದ್ದರು. ಚರಣಕ್ಕೆ ಮುಂಚಿನ ತುಣುಕನ್ನೇ ಮಾವ ಮತ್ತೆ ಮತ್ತೆ ನುಡಿಸುತ್ತಿದ್ದರು, ಅಲ್ಲಲ್ಲಿ ತಪ್ಪುತ್ತಲೂ ಇದ್ದರು. ಅವರು ತಪ್ಪಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮುಖ ನೋಡಿದೆ. ಎರಡೂ ಕಣ್ಣು ತೆರೆದಿದ್ದವು.

"ನನ್ ನೋಡಿ ನಗ್ತಾವ್ರೆ ಕಣೇ, ನಗ್ಲಿ. ನೀನ್ ನಿಧಾನಕ್ಕೆ ನೆನಪ್ ಮಾಡ್ಕ" ಎಂದರು.

ನೆನಪಾಯಿತು. ಹಾಡಿದೆ. ಕೆಳಗಿಳಿದಾಗ ಅಪ್ಪ, "ನಕ್ಕಿದ್ದು ನಿಮ್ ಮಾವನ್ನ ನೋಡಿ. ಅದು ಲೆಕ್ಕಕ್ಕಿಲ್ಲ" ಎಂದರು.

ಮುಂದೆ ಎಷ್ಟೋ ವರ್ಷ ನಾನು ಆ ತಂಡದಲ್ಲಿ ಹಾಡಿದೆ. ಮಾವ ಮೊದಲಿನಂತೆ ಕಣ್ಣು ಮುಚ್ಚಿಕೊಂಡೇ ನುಡಿಸಿದರು. ಹಗ್ಗದ ಆ ತುದಿ ಮಾತ್ರ ಸ್ಟೂಲಿನಲ್ಲಿರಲಿಲ್ಲ, ನನ್ನ ಕೈಯಲ್ಲಿತ್ತು.