ಎರಡು ಉಡಿ, ಒಂದು ಮತ

ಇಂಡಿ, ಸಿಂದಗಿ, ಬಾಗೇವಾಡಿಯ ಗೆಳತಿಯರನ್ನೂ ಕೇಳಿದ್ದೇನೆ. ಹೆಂಗಸೊಬ್ಬಳು ಚುನಾವಣೆಗೆ ನಿಂತಲ್ಲೆಲ್ಲ ಇಂಥವು ನಡೆದೇ ನಡೆಯುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ಮುದ್ದೇಬಿಹಾಳದ ಕನ್ಯಾಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಊರಿಗೆಲ್ಲ ‘ಬಾಯಾರು’. ನಮ್ಮ ಹುಡುಗಿಯರು ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲ, ಏಕೆಂದರೆ ಕಕ್ಕಸು ಇರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಇಂಥದನ್ನು ಒಂದು ದಿನವೂ ಸಹಿಸುತ್ತಿರಲಿಲ್ಲ. ಅರ್ಜಿ ಬರೆದು ಸಾಕಾಗಿ, ಮಹಿಳಾ ಮಂಡಳದ ಹೊಲಿಗೆ ಶಿಕ್ಷಕಿಯನ್ನೇ ತಾಲೂಕು ಬೋರ್ಡಿಗೆ ನಿಲ್ಲಿಸಿದೆ.

೧. ಪೋಸ್ಟರ್

ವಿಜಾಪುರದಿಂದ ಪೋಸ್ಟರ್ ಬಂತು. ಅದರಲ್ಲಿ ನಮ್ಮ ಅಭ್ಯರ್ಥಿಯ ಗಂಡನ ಫೋಟೋ, ಮೀಸೆ ಸಮೇತ. ಕೆಳಗೆ, ‘ಇವರ ಧರ್ಮಪತ್ನಿಗೆ ಮತ ಕೊಡಿರಿ.’

“ಆಕೆಯ ಹೆಸರೆಲ್ಲಿ?” ಎಂದೆ.

“ಆಕೀ ಹೆಸರು ಯಾರಿಗೆ ಗೊತ್ತೈತ್ರಿ ಬಾಯಾರ?” ಎಂದ ಗಂಡ.

“ಮತಪತ್ರದಲ್ಲಿ ನಿಮ್ಮ ಮೀಸೆ ಇರುವುದಿಲ್ಲ” ಎಂದು ಗದರಿಸಿ ಕಳಿಸಿದೆ.

ಹೊಸ ಪೋಸ್ಟರಿನಲ್ಲಿ ಆಕೆಯ ಹೆಸರು ಬಂತು. ಸರಿಯಾಗಿ ಮೀಸೆಯ ಕೆಳಗೆ.

೨. ರಸ್ತೆ

ಅಡತಿ ವ್ಯಾಪಾರಿಗಳ ಸಂಘದವರು ಬೆಂಬಲ ಕೊಡಲು ಬಂದರು. ಪಡಸಾಲೆಯಲ್ಲಿ ಗಂಡನೊಡನೆ ಮಾತಾಡಿದರು. ಅಭ್ಯರ್ಥಿ ಒಳಗೆ ಚಹಾ ಕಾಸುತ್ತಿದ್ದಳು. ಅವರಿಗೆ ಗೋದಾಮಿನ ತನಕ ರಸ್ತೆ ಬೇಕಂತೆ.

“ಮೊದಲು ಶಾಲೆಗೆ ಕಕ್ಕಸು” ಎಂದೆ.

ಸಂಘದ ಅಧ್ಯಕ್ಷರು ಮುಖ ಆ ಕಡೆ ತಿರುಗಿಸಿ ಹೇಳಿದರು: “ರಸ್ತಾ ಆಗ್ಲಿ ಬಿಡ್ರಿ ಬಾಯಾರ. ಕತ್ತಲಾದ ಮ್ಯಾಲೆ ಹೆಣ್ಣಮಕ್ಕಳಿಗೆ ತಂಬಿಗಿ ತಗೊಂಡು ಅದರ ಬಾಜೂಕ ಕೂಡಾಕ ಅನುಕೂಲ ಆಕ್ಕತಿ.”

೩. ಉಡಿ

ಎದುರಾಳಿ ಊರ ಗೌಡರು. ಅವರ ಹೆಂಡತಿ ಗೌಡಸಾನಿಯವರು ಮನೆಮನೆಗೆ ಹೋಗಿ ಹೆಂಗಸರ ಉಡಿ ತುಂಬಿದರು: ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ. ಉಡಿ ತುಂಬಿದವರಿಗೆ ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ನಾನು ಬೇಡವೆಂದರೂ ಕೇಳದೆ ನಮ್ಮ ಕಡೆಯವರೂ ತುಂಬಿದರು. ಗಾಬರಿಯಾಗಿ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಪಾಠ ಹೇಳಿದೆ: ಮತಪತ್ರದಲ್ಲಿ ಒಬ್ಬರಿಗೇ, ಒಂದೇ ಶಿಕ್ಕಾ ಒತ್ತಬೇಕು. ಎಲ್ಲರೂ “ಹೌದ್ರಿ ಬಾಯಾರ” ಎಂದರು.

ಎಣಿಕೆಯ ದಿನ ಹೆಂಗಸರ ಮತಪತ್ರಗಳು ಕಟ್ಟುಕಟ್ಟಾಗಿ ರದ್ದಾದವು. ಎರಡೂ ಗುರುತಿನ ಮೇಲೆ ಶಿಕ್ಕಾ, ಯಾರಿಗೂ ಬೇಜಾರಾಗದಂತೆ, ಬಹಳ ಅಚ್ಚುಕಟ್ಟಾಗಿ. ನಾವು ಒಂದು ಮತದಿಂದ ಸೋತೆವು. ಶಾಲೆಯ ನೀರಿನ ಹರವಿ ತುಂಬಿದ್ದು ತುಂಬಿದಂತೇ ಉಳಿಯಿತು.

ಸಂಜೆ ಅಭ್ಯರ್ಥಿಯ ಮನೆಗೆ ಹೋದೆ. “ಇಷ್ಟು ಹೇಳಿಕೊಟ್ಟರೂ ಎರಡು ಕಡೆ ಒತ್ತಿದ ಜಾಣೆ ಒಬ್ಬಳಾದರೂ ನನ್ನ ಕೈಗೆ ಸಿಗಲಿ!” ಎಂದೆ.

ಆಕೆ ಸೆರಗಿನ ತುದಿ ತಿರುವುತ್ತ ನಿಂತಳು.

“ಗೌಡಸಾನಿಯಾರು ನನಗೂ ಉಡಿ ತುಂಬಿದ್ರಲ್ರಿ ಬಾಯಾರ. ಬರೇ ನನಗ ನಾನ ಹಾಕ್ಕೊಂಡಿದ್ರ, ನಾಳೆ ಅವರಿಗೆ ಹೆಂಗ ಮಾರಿ ತೋರಸ್ಲಿ?”