ಮಠದ ಹಿತ್ತಲಿನ ಮುಷ್ಕರ

ಗಲಾಟೆ ಮಾಡುವ ಮಗುವನ್ನು ಹೇಗೋ ಸಹಿಸಬಹುದು. ಇದ್ದಕ್ಕಿದ್ದಂತೆ ಸುಮ್ಮನಾದ ಮಗುವನ್ನು ಸಹಿಸುವುದು ನನ್ನಂಥ ಕುತೂಹಲದ ಮನುಷ್ಯನಿಗೆ ಸಾಧ್ಯವಿಲ್ಲ.

ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಸೀಮೆಗೆ ಸೀಮೆಯೇ ಎದ್ದು ನಿಂತಿದ್ದ ಕಾಲ. ಕರ್ನಾಟಕದ ಗಡಿಗೆ ಅಂಟಿದ ತಾಂಡೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನೂ ಮುಷ್ಕರದಲ್ಲಿದ್ದೆ. ಬೆಳಿಗ್ಗೆ ಕಚೇರಿಯೆದುರಿನ ಟೆಂಟಿನಲ್ಲಿ ಕೂತು ಘೋಷಣೆ ಕೂಗುವುದು, ವಂಟಾವಾರ್ಪು ಎಂದು ರಸ್ತೆಯಲ್ಲೇ ಒಲೆ ಹೂಡಿ ಉಪ್ಪಿಟ್ಟು ಬೇಯಿಸಿ ಅಲ್ಲೇ ತಿನ್ನುವುದು, ಸಂಜೆ ಮನೆಗೆ ಬಂದು ಹೆಂಡತಿಗೆ ಭಾಷಣ ಮಾಡುವುದು. ಕಚೇರಿ ತೆರೆದಿದ್ದಾಗ ಇಷ್ಟು ಶ್ರದ್ಧೆಯಿಂದ ನಾನು ದುಡಿದದ್ದೇ ಇಲ್ಲ. ಶಾಲೆಗಳೂ ಮುಚ್ಚಿದ್ದರಿಂದ ನಮ್ಮ ಏಳು ವರ್ಷದ ಬಸು ಮನೆಯನ್ನು ತಲೆಯ ಮೇಲೆ ಹೊತ್ತಿದ್ದ. ಹೊಲಿಗೆ ಮಾಡುವ ನನ್ನ ಹೆಂಡತಿ ಮಹಾದೇವಿಗೆ ಒಂದು ಜಾಕೀಟು ಮುಗಿಸುವುದೂ ಕಷ್ಟವಾಗಿತ್ತು.

ಆಗ ಬಂದವಳು ಪಕ್ಕದ ಮನೆಯ ಶಿವಲೀಲಾ. ಅವಳೂ ಓಣಿಯ ನಾಲ್ಕಾರು ಗೆಳತಿಯರೂ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು.

"ಶರಣ್ರಿ ಕಾಕಾ. ದಿನಾ ಸಂಜಿಗಿ ಮಠದ ಹಿತ್ತಲದಾಗ ಮಕ್ಕಳಿಗಿ ನೋಡ್ಕೊತೀವ್ರಿ. ನೀವೆಲ್ಲಾ ಕೊಟ್ಟಿದ್ದು ಕೂಡಿಸಿ ಮುಂಬೈಗಿ ಹೋಗಿ ಸಮುದ್ರ ನೋಡಬೇಕಂತ ಮಾಡೀವ್ರಿ. ನಂದು ಲಗ್ನ ಆತಂದ್ರ ನಾರಾಯಣಖೇಡದ ದೊಡ್ಡ ಮನಿಗಿ ಸೊಸಿ ಆಗಿ ಹೋಗಬೇಕ್ರಿ. ಆಮ್ಯಾಲ ಎಲ್ಲಿ ಸಮುದ್ರರಿ?"

ಮುಷ್ಕರದಿಂದ ನನಗೆ ಸಂಬಳವಿರಲಿಲ್ಲ. ಮಹಾದೇವಿ ಹೊಲಿಗೆಯ ದುಡ್ಡನ್ನೇ ಕೊಟ್ಟು ಮಗನನ್ನು ಅವರಿಗೆ ಒಪ್ಪಿಸಿ ನಿಟ್ಟುಸಿರು ಬಿಟ್ಟಳು.

ಒಂದು ವಾರದಲ್ಲಿ ಬಸು ಬೇರೆಯೇ ಹುಡುಗನಾದ. ಮೈಯೆಲ್ಲ ಹೊಗೆಯ ವಾಸನೆ, ಹೊಟ್ಟೆ ತುಂಬಿದ ಕಳೆ, ಕರೆದರೆ ಬರುತ್ತಾನೆ. "ಅಲ್ಲಿ ಏನ್ ಮಾಡ್ತೀರೋ?" ಎಂದರೆ, "ಹೇಳಬ್ಯಾಡಂತ ಠರಾವ್ ಆಗ್ಯಾದ ಅಪ್ಪಾ" ಎಂದು ಮುಖ ತಿರುಗಿಸಿದ. ನನ್ನ ಮಗ ಠರಾವಿಗೆ ತಲೆಬಾಗುವುದೆಂದರೇನು! ಮರುದಿನ ಮಠದ ಹಿತ್ತಲ ಗೋಡೆಯ ಮೇಲಿಂದ ಇಣುಕಿದೆ.

ಹಳೆಯ ಸೀರೆಗಳ ಟೆಂಟು. ಅದರಡಿಯಲ್ಲಿ ಸಾಲಾಗಿ ಮಕ್ಕಳು. ಮೂರು ಕಲ್ಲಿನ ಒಲೆಯ ಮೇಲೆ ಹುಡುಗಿಯರು ಉಪ್ಪಿಟ್ಟು ತಿರುವುತ್ತಿದ್ದರು. ಹೊಡೆದಾಡಿದವನಿಗೆ ಟೆಂಟಿನಿಂದ ಬಹಿಷ್ಕಾರ, ಜಗಳ ಬಂದರೆ ಮಾತುಕತೆ. ನಡುವೆ ನಿಂತು ಬಸು, ನನ್ನಂತೆಯೇ ಗಂಟಲು ಸರಿಮಾಡಿಕೊಂಡು, ನನ್ನಂತೆಯೇ ಬೆರಳೆತ್ತಿ ಭಾಷಣ ಮಾಡುತ್ತಿದ್ದ. ಎದೆ ಉಬ್ಬಿತು.

"ನಿಮ್ಮ ಟೆಂಟ್ ನೋಡೇ ಕಲ್ತೀವ್ರಿ ಕಾಕಾ," ಎಂದಳು ನನ್ನನ್ನು ಕಂಡ ಶಿವಲೀಲಾ. ನಾನು ಗೋಡೆಯಿಂದ ಬೀಳುವುದೊಂದು ಬಾಕಿ.

ಹುಡುಗಿಯರು ಹೊರಡುವ ದಿನ ಬಂತು. ಮುಷ್ಕರದಿಂದ ನಮ್ಮಲ್ಲಿ ಬಸ್ಸು, ರೈಲು ಎರಡೂ ನಿಂತಿದ್ದರಿಂದ ಜೀಪಿನಲ್ಲಿ ಕರ್ನಾಟಕದ ಗಡಿ ದಾಟಿ ವಾಡಿಯಲ್ಲಿ ರೈಲು ಹಿಡಿಯಬೇಕು. ಹೊರಗೆ ಬಂದು ನೋಡಿದರೆ ಜೀಪಿನ ಮುಂದೆ ಮಕ್ಕಳ ಧರಣಿ! ಅಕ್ಕಂದಿರು ಹೋದರೆ ಸಂಜೆಯ ಟೆಂಟು ಮುಚ್ಚುತ್ತದಲ್ಲ, ಅದಕ್ಕೆ ಬಿಡುವುದಿಲ್ಲವಂತೆ. ಗದರಿದರೆ ಘೋಷಣೆ ಏರುತ್ತಿತ್ತು. ಶಿವಲೀಲಾ ಗಡಿಯಾರ ನೋಡುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದಳು. ರೈಲು ತಪ್ಪಿದರೆ ಆ ಹುಡುಗಿಯ ಸಮುದ್ರವೇ ತಪ್ಪಿಹೋಗುತ್ತದೆ. ಮಾತುಕತೆಗೆ ನಾನೇ ಮುಂದಾದೆ.

"ನಿಮ್ಮ ಬೇಡಿಕಿ ಬಗ್ಗೆ ವಿಚಾರ ಮಾಡ್ತೀವಿ. ಒಂದು ಕಮಿಟಿ ಹಾಕ್ತೀವಿ," ಎಂದೆ.

"ಸರ್ಕಾರ ಹಂಗೇ ಅಂತದ, ನಂಬಬ್ಯಾಡ್ರಿ ಅಂತ ನೀನೇ ಹೇಳ್ತಿ ಅಲ್ಲಪ್ಪಾ," ಎಂದ ಬಸು.

ಆಗ ಹಿಂದಿನಿಂದ ಮಹಾದೇವಿಯ ದನಿ: "ಫಿಕರ್ ಯಾಕ್ರಿ? ಅವ್ರು ಬರೋತನಕ ಟೆಂಟ್ ನಡಸಾಕ ನಮ್ಮ ಮನ್ಯಾಗ ಒಬ್ಬರು ಖಾಲಿ ಕುಂತಾರ."

ಮಕ್ಕಳು ಒಪ್ಪಿ ಎದ್ದರು. ಜೀಪು ಹೊರಟಿತು. ಶಿವಲೀಲಾ ಕಿಟಕಿಯಿಂದ ಕೈಬೀಸಿದ್ದು ಇಂದಿಗೂ ಕಣ್ಣ ಮುಂದಿದೆ. ಆಕೆ ಸಮುದ್ರ ನೋಡಿಯೇ ಬಂದಳು, ಮಕ್ಕಳಿಗೆ ಕಪ್ಪೆಚಿಪ್ಪುಗಳನ್ನೂ ತಂದಳು.

ಅವರು ಮರಳುವತನಕ ಹಿತ್ತಲಿನ ಸರ್ಕಾರ ನಾನೇ. ಉಪ್ಪಿಟ್ಟಿಗೆ ಉಪ್ಪಿಲ್ಲವೆಂದು ನನ್ನ ಪ್ರಜೆಗಳು ಎರಡನೆಯ ಸಂಜೆಯೇ ಟೆಂಟಿನಿಂದ ಹೊರನಡೆದು ಧಿಕ್ಕಾರ ಕೂಗಿದರು. ಅರ್ಧಕ್ಕಿಂತ ಹೆಚ್ಚು ಘೋಷಣೆಗಳು ನಾನೇ ಕಚೇರಿಯೆದುರು ಕೂಗುತ್ತಿದ್ದವು. ಸೌಟು ಹಿಡಿದು ಒಬ್ಬನೇ ನಿಂತಾಗ ಹೈದರಾಬಾದಿನ ಸರ್ಕಾರದ ಮೇಲೆ ಮೊದಲ ಬಾರಿಗೆ ಕನಿಕರ ಹುಟ್ಟಿತು. ಮರುದಿನ ಕಚೇರಿಯೆದುರಿನ ಟೆಂಟಿನಲ್ಲಿ ನನ್ನ ದನಿ ಏಳಲೇ ಇಲ್ಲ. ಗೆಳೆಯರು ಕೇಳಿದ್ದಕ್ಕೆ ಒಲೆಯ ಹೊಗೆಗೆ ಗಂಟಲು ಕಟ್ಟಿದೆ ಎಂದೆ.