ಆಕಾಶಕ್ಕೆ ಬಿಟ್ಟ ಎರಡಿಂಚು

ಮೂವತ್ತು ವರ್ಷಗಳಿಂದ ಕೊರಳಲ್ಲಿ ಟೇಪು ಹಾಕಿಕೊಂಡಿರುವ ದರ್ಜಿ ನಾನು. ಅಳೆಯಲಾಗದ್ದು ಏನಾದರೂ ಇದೆ ಎಂದು ಯಾರಾದರೂ ಹೇಳಿದರೆ ಮೈ ಉರಿಯುತ್ತದೆ!

ಮೊನ್ನೆ ಹೆಂಡತಿಯ ಅಕ್ಕ ಪರದೇಶದಿಂದ ಫೋನ್ ಮಾಡಿದರು. "ನಿಮ್ಮ ಗಡಿಯಾರದಲ್ಲಿ ನಾಳೆ ಬೆಳಿಗ್ಗೆ ಐದಕ್ಕೆ ನನ್ನ ವಿಮಾನ ಹೊರಡುತ್ತೆ" ಎಂದರು. ಎಷ್ಟಕ್ಕೆ ಇಳಿಯುತ್ತದೆ ಎಂದು ನಾನು ಕೇಳುವುದರೊಳಗೆ ಫೋನ್ ಕಟ್ಟಾಯಿತು.

"ವಿಮಾನ ನಿಲ್ದಾಣಕ್ಕೆ ಫೋನ್ ಮಾಡಿ ಕೇಳ್ರೀ" ಎಂದಳು ಹೆಂಡತಿ. "ಒಂಬತ್ತು ವರ್ಷದ ಹಿಂದೆ ಅಕ್ಕ ಹೊರಟಾಗ ನಿಮ್ಮ ಗುಂಡಿ ಹೊಲಿಯೋ ಕೆಲಸ ಮುಗೀಲಿಲ್ಲ. ನಾವು ಹೋಗೋಷ್ಟರಲ್ಲಿ ವಿಮಾನ ಹಾರಿತ್ತು. ಈ ಸಲ ಅವಳು ಬಾಗಿಲಿಂದ ಹೊರಗೆ ಬಂದಾಗ ಮೊದಲು ನನ್ನ ಮುಖ ಕಾಣ್ಬೇಕು."

"ಟೇಪು ಇರುವಾಗ ಫೋನ್ ಯಾಕೆ?"

ಮಗಳ ಗ್ಲೋಬು ತಂದು ಮೇಜಿನ ಮೇಲಿಟ್ಟೆ. ನಡುವಿಗೆ ಟೇಪು ಸುತ್ತಿದೆ. ನಲವತ್ನಾಲ್ಕು ಇಂಚು! ಭೂಮಿತಾಯಿಯ ಸೊಂಟ ಅಳೆದ ಮೊದಲ ದರ್ಜಿ ನಾನೇ ಇರಬೇಕು. ಲೆಕ್ಕ ಹಾಕಿದರೆ ಇಂಚಿಗೆ ಒಂಬೈನೂರು ಕಿಲೋಮೀಟರ್ ಚಿಲ್ಲರೆ. ವಿಮಾನದ ವೇಗವೂ ಗಂಟೆಗೆ ಸುಮಾರು ಅಷ್ಟೇ. ಇಂಚಿಗೊಂದು ಗಂಟೆ! ಆ ನಿಲ್ದಾಣದಿಂದ ಈ ನಿಲ್ದಾಣಕ್ಕೆ ಟೇಪು ಹಿಡಿದು, ಅಂಗಡಿಯ ಅಳತೆ ಪುಸ್ತಕದಲ್ಲಿ ಬರೆದುಕೊಂಡು ಘೋಷಿಸಿದೆ: "ಹದಿಮೂರು ಇಂಚು, ಹದಿಮೂರು ಗಂಟೆ. ಸಂಜೆ ಆರಕ್ಕೆ ನಿನ್ನ ಅಕ್ಕ ನೆಲ ಮುಟ್ಟುತ್ತಾರೆ!"

ಮರುದಿನ ಅರ್ಧ ಗಂಟೆ ಮುಂಚೆಯೇ ನಿಲ್ದಾಣದಲ್ಲಿ ಎದೆಯುಬ್ಬಿಸಿ ನಿಂತೆ. ಹೆಂಡತಿ ಫಲಕ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ವಿಮಾನ ನಾಲ್ಕಕ್ಕೇ ಇಳಿದಿದೆ."

"ಗಾಳಿ ಜೋರಾಗಿತ್ತೇನೋ…"

"ಪುಸ್ತಕ ಕೊಡಿ ಇಲ್ಲಿ!"

ಕೊಟ್ಟೆ. ಅದರಲ್ಲಿ ನನ್ನದೇ ಅಕ್ಷರ: ಹನ್ನೊಂದು, ಕೂಡಿಸು ಎರಡು, ಒಟ್ಟು ಹದಿಮೂರು.

"ಈ ಎರಡು ಯಾವುದು?"

ನನಗೂ ಆಗಲೇ ಹೊಳೆದದ್ದು. ಮೂವತ್ತು ವರ್ಷದ ಅಭ್ಯಾಸದ ಕೈ! "ಅದು… ಹೊಲಿಗೆಗೆ ಅಂತ ಬಿಟ್ಟಿದ್ದು."

"ಆಕಾಶಕ್ಕೆ ಎಲ್ಲಿ ರೀ ಹೊಲಿಗೆ?"

ಅಕ್ಕ ಅಲ್ಲೆಲ್ಲೂ ಕಾಣದೆ ವಾಪಸು ಬಸ್ಸು ಹತ್ತಿದೆವು. ಹೆಂಡತಿ ಬೈದಿದ್ದರೆ ಎಷ್ಟೋ ಮೇಲಿತ್ತು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದನ್ನು ಕಂಡು ನಿಜಕ್ಕೂ ನಾಚಿಕೆಯಾಯಿತು.

ಬಂದು ನೋಡಿದರೆ, ನಮ್ಮ ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ, ಎರಡು ಪೆಟ್ಟಿಗೆಗಳ ನಡುವೆ ಅಕ್ಕ ಕೂತಿದ್ದರು. ಅಕ್ಕತಂಗಿಯರು ಅಪ್ಪಿಕೊಂಡು ಅತ್ತರು, ನಕ್ಕರು. ನಾನು ಕಂಬದ ಮರೆಯಲ್ಲಿ ನಿಂತೆ.

"ಟ್ಯಾಕ್ಸಿಗೆ ಮೊದಲೇ ಹೇಳಿದ್ದೆ ಕಣೇ. ನಿನ್ನ ಗಂಡ ಕೊಟ್ಟ ಟೈಮಿಗೆ ಯಾವತ್ತು ಬಂದಿದ್ದಾರೆ?" ಎಂದರು ಅಕ್ಕ.

ಆಗ ಗಮನಿಸಿದೆ. ಅವರು ಹಾಕಿಕೊಂಡಿದ್ದು ಒಂಬತ್ತು ವರ್ಷದ ಹಿಂದೆ ನಾನೇ ಹೊಲಿದ ಕೋಟು! ಕಣ್ಣಳತೆಯಲ್ಲೇ ಹೇಳಬಲ್ಲೆ, ಅವರ ಸುತ್ತಳತೆ ಎರಡಿಂಚು ಏರಿದೆ.

"ಇನ್ನೂ ಆಗುತ್ತಾ ಅದು?"

"ಒಳಗೆ ಎರಡಿಂಚು ಬಿಟ್ಟಿದ್ರಲ್ಲ, ಬಿಚ್ಚಿಸಿಕೊಂಡೆ."

"ನೋಡಿದೆಯಾ!" ಎಂದು ಹೆಂಡತಿಯತ್ತ ತಿರುಗಿದೆ. ಅವಳು ನನ್ನ ಕೊರಳಿನಿಂದ ಟೇಪು ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. "ಅಕ್ಕನ್ನ ವಿಮಾನ ಹತ್ತಿಸೋ ತನಕ ಇದು ನನ್ನ ಹತ್ರ."

ಅಕ್ಕ ಇನ್ನೂ ಹೊರಟಿಲ್ಲ. ಅಂಗಡಿಗೆ ಬರುವವರ ಅಳತೆಯನ್ನು ನಾನೀಗ ದಾರದಲ್ಲಿ ತೆಗೆಯುತ್ತಿದ್ದೇನೆ!